ಏಳು ಗುಂಡಿಗಳ ಸೇರ್ಪಡೆ

ಬೆಳಗಾಗುತ್ತಲೇ ಅತ್ತೆ ಹಿತ್ತಿಲಿಗೆ ಹೋಗಿ, ಪಾಯಿಖಾನೆ ಗುಂಡಿಯ ಚಪ್ಪಡಿ ಸಂದಿಯಲ್ಲಿ ಕೋಲು ಇಳಿಸಿ ನೋಡಿ ಬರುವುದು ಶುರುವಾಗಿ ಒಂದು ತಿಂಗಳಾಗಿತ್ತು. ಕೋಲಿಗೆ ಹತ್ತಿದ್ದನ್ನು ಹುಲ್ಲಿಗೆ ಒರೆಸಿ, ಅಡುಗೆಮನೆಯ ಬಾಗಿಲಿಗೆ ಬಂದು ವರದಿ ಒಪ್ಪಿಸುತ್ತಿದ್ದಳು. ಸೊಸೆ ಆ ಹೊತ್ತಿಗೆ ಸರಿಯಾಗಿ ತಟ್ಟೆಯ ಮುಂದೆ ಕೂತಿರುತ್ತಿದ್ದಳು.

"ಇವತ್ತಿಗೆ ಒಂದು ಗೇಣು ಉಳಿದಿದೆ ನೋಡು. ಹೋದ ವಾರ ಒಂದೂವರೆ ಇತ್ತು."

"ಅತ್ತೆ, ತಿನ್ನೋವಾಗ ಆ ಮಾತು ಬೇಡ."

"ತಿನ್ನೋವಾಗ ಯಾಕೆ ಬೇಡ? ತಿಂದಿದ್ದೇ ತಾನೆ ಅಲ್ಲಿ ಹೋಗಿ ತುಂಬ್ಕೊಂಡಿರೋದು!"

ಸೊಸೆ ತಟ್ಟೆ ಸರಿಸಿ ಎದ್ದಳು. ಅತ್ತೆಯ ಹೆದರಿಕೆ ಅವಳಿಗೆ ತಿಳಿಯದ್ದೇನಲ್ಲ. ಗುಂಡಿಯಿಂದ ಹನ್ನೆರಡು ಹೆಜ್ಜೆಗೆ ಬಾವಿ, ನಡುವಿನ ನೆಲ ಬಾವಿಯ ಕಡೆಗೇ ಇಳಿಜಾರು. ಬಾವಿ ಮಾವನ ಕಾಲದ್ದು. ಅವನೂ ಅತ್ತೆಯೂ ಒಂದು ಬೇಸಿಗೆ ಪೂರ್ತಿ ಅಗೆದು ನೀರು ಕಂಡವರು. ಗುಂಡಿ ತೋಡಿಸಿದ್ದು ಆಮೇಲೆ, ಉಳಿದಿದ್ದ ಜಾಗದಲ್ಲಿ. ಗುಂಡಿ ಉಕ್ಕಿತೆಂದರೆ ಬಾವಿ ಹೋಯಿತು. ಗಂಡ ಬಡಗಿ, ಛಾವಣಿ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದವನು ಇನ್ನೂ ಬಂದಿರಲಿಲ್ಲ.

"ಊರಿನ ಗುಂಡಿಯೆಲ್ಲ ಯಾವಾಗ ಬಳೀಬೇಕು ಅಂತ ಬರೆಯೋಳು ನೀನು. ನಮ್ಮದನ್ನ ಎರಡು ಮನೆ ಮುಂಚೆ ಹಾಕಿದ್ರೆ ಆಕಾಶ ಕಳಚಿ ಬೀಳುತ್ತಾ?" ಅತ್ತೆ ಕೋಲನ್ನು ಗೋಡೆಗೆ ಒರಗಿಸಿದಳು. "ಊರಿಗೆ ಉಪಕಾರಿ, ಮನೆಗೆ ಮಾರಿ."

"ಸರದಿ ಅಂದ್ಮೇಲೆ ಸರದಿ, ಅತ್ತೆ. ನಮಗಿಂತ ಮುಂಚೆ ಎಂಟು ಮನೆ ಇದೆ, ಅಷ್ಟೇ."

ಊರಿಗೆಲ್ಲ ಗುಂಡಿ ಬಳಿಯುವ ಟ್ಯಾಂಕಿ ಲಾರಿ ಇದ್ದದ್ದು ಒಂದೇ. ದಿನಕ್ಕೆ ಮೂರು ಮನೆ ಮುಗಿಸಿದರೆ ಅದೇ ಹೆಚ್ಚು. ಯಾರ ಮನೆಯಾದ ಮೇಲೆ ಯಾರ ಮನೆ ಎಂಬ ಪಟ್ಟಿ ನೈರ್ಮಲ್ಯ ಕಚೇರಿಯಲ್ಲಿ ಸೊಸೆಯ ಕೈಯಲ್ಲಿತ್ತು. ಅದರಿಂದಲೇ ಊರಿನವರ ಬಾಯಲ್ಲಿ ಅವಳು ಪಟ್ಟಿಯಕ್ಕ. ಟೈಪು ಮಾಡಲು ಸೇರಿದ್ದವಳು, ಕಂಪ್ಯೂಟರು ಬಂದ ಮೇಲೆ ಸಂಜೆಯ ತರಗತಿಗೆ ಹೋಗಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದಳು. ಅಲ್ಲಿ ಕಲಿಸಿದ್ದರಲ್ಲಿ ಅವಳಿಗೆ ಹಿಡಿಸಿದ್ದು ಲಿಂಕ್ಡ್ ಲಿಸ್ಟ್. ಒಂದು ಹೆಸರು, ಅದರ ಪಕ್ಕದಲ್ಲಿ ನಂತರದ ಹೆಸರು ಎಲ್ಲಿದೆ ಎಂಬ ಗುರುತು, ಅಷ್ಟೇ. ಸಂತೆಗೆ ಹೊಡೆದುಕೊಂಡು ಹೋಗುವ ದನಗಳನ್ನು ಒಂದರ ಹಿಂದೆ ಒಂದು ಕಟ್ಟಿದ ಹಾಗೆ: ಮೊದಲನೆಯದರ ಹಗ್ಗ ಕೈಯಲ್ಲಿದ್ದರೆ ಉಳಿದವೆಲ್ಲ ತಾವಾಗಿ ಬರುತ್ತವೆ.

ಅರ್ಜಿ ಕೊಡಲು ಬಂದವರ ಹೆಸರನ್ನು ಅವಳು ಸಾಲಿನ ಕೊನೆಗೆ ಕಟ್ಟುತ್ತಿದ್ದಳು. ಕಟ್ಟುವಾಗ ತೆರೆಯ ಮೇಲೆ ಅಲ್ಲಿಯವರೆಗೆ ಕೊನೆಯಲ್ಲಿದ್ದವರ ಹೆಸರು ಕಾಣುತ್ತಿತ್ತು. "ನಿಮಗಿಂತ ಮುಂಚೆ ಅಕ್ಕಸಾಲಿಗರ ಮನೆ. ಅವರದ್ದಾದ ಮೇಲೆ ನಿಮ್ಮದು" ಎಂದು ಹೇಳಿ ಕಳಿಸುತ್ತಿದ್ದಳು. ಜನಕ್ಕೆ ಅಂಕಿಗಿಂತ ಇದೇ ಅನುಕೂಲವಾಗಿತ್ತು. ಟ್ಯಾಂಕಿಯ ಚಾಲಕನ ಫೋನಿನಲ್ಲಿ ಒಂದು ಸಲಕ್ಕೆ ಒಂದೇ ಮನೆ. ಮುಗಿಯಿತೆಂದು ಒತ್ತಿದರೆ ನಂತರದ್ದು. ನಾಲ್ಕು ವರ್ಷ ಹೀಗೆ ನಡೆದಿತ್ತು. ಸಾಲಿನ ನಡುವೆ ಯಾರನ್ನಾದರೂ ತುರುಕುವುದಕ್ಕೆ ಪ್ರೋಗ್ರಾಮಿನಲ್ಲಿ ದಾರಿಯೇ ಇರಲಿಲ್ಲ. ಬೇಕೆಂದೇ ಅವಳು ಬರೆದಿರಲಿಲ್ಲ. ಗಬ್ಬು ನಾರುವ ಆ ಕೆಲಸದಲ್ಲಿ ತನ್ನದೊಂದು ಪಟ್ಟಿ ಮಾತ್ರ ಶುಭ್ರವಾಗಿದೆಯೆಂಬ ಹೆಮ್ಮೆ ಅವಳಿಗೆ.

ಆ ಸೋಮವಾರ ಮೇಲ್ವಿಚಾರಕ ಕಡಲೆಕಾಯಿ ಸುಲಿದು ತಿನ್ನುತ್ತ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಅವನು ಹಿಂದೆ ನಿಂತರೆ ಅವಳಿಗೆ ಬೆನ್ನ ಮೇಲೆ ಹುಳ ಹರಿದ ಹಾಗಾಗುತ್ತಿತ್ತು. ಅಗಿಯುವ ಸದ್ದು ಕಿವಿಯ ಹತ್ತಿರ, ಉಸಿರು ಕುತ್ತಿಗೆಯ ಮೇಲೆ.

"ನೋಡಮ್ಮಾ, ಏಳು ಗುಂಡಿ ಸೇರಿಸಬೇಕಲ್ಲ. ನಮ್ಮ ಭಾವಮೈದನ ಲಾಡ್ಜಿಂದು."

"ಏಳನ್ನೂ ಕೊನೇಲಿ ಹಾಕ್ತೀನಿ, ಸರ್."

"ಕೊನೇಲಿ ಹಾಕೋದಕ್ಕೆ ನಾನ್ಯಾಕೆ ಬರಬೇಕಿತ್ತು? ಮೊದಲಿಗೆ ಹಾಕು. ಒಟ್ಟಿಗೆ."

"ಮೂವತ್ತೊಂದು ಮನೆ ಕಾಯ್ತಾ ಇದೆ, ಸರ್."

"ಕಾಯ್ತಾರೆ, ಕಾಯ್ದು ಅಭ್ಯಾಸ ಇದೆ ಅವರಿಗೆ. ಲಾಡ್ಜಿಗೆ ಬರೋ ಗಿರಾಕಿ ಕಾಯ್ತಾನಾ?" ಎರಡು ಹಲ್ಲಿನ ಮಧ್ಯೆ ಸಿಕ್ಕಿಕೊಂಡ ಚೂರನ್ನು ಉಗುರಿನಿಂದ ಎಬ್ಬಿಸಿ, ನೋಡಿ, ಅವಳ ಮೇಜಿನ ಅಂಚಿಗೆ ಒರೆಸಿದ. "ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಆಗೋರನ್ನ ಕೂರಿಸ್ತೀನಿ."

ಅವಳು ಬರೆದಳು. ಕೀಲಿಗಳ ನಡುವೆ ಕಡಲೆ ಸಿಪ್ಪೆ ಉದುರುತ್ತಿತ್ತು, ಅದನ್ನು ಊದುವುದಕ್ಕೂ ಅವಳಿಗೆ ಅಸಹ್ಯ. ಏಳು ಹೆಸರುಗಳನ್ನು ಒಂದಕ್ಕೊಂದು ಕಟ್ಟುವ ನಾಲ್ಕು ಸಾಲು, ಸರದಿಯ ತಲೆಯನ್ನು ಬದಲಿಸುವ ಒಂದು ಸಾಲು. ಬೇಗ ಮುಗಿಸಿ ಕೈ ತೊಳೆದುಕೊಂಡರೆ ಸಾಕು ಎಂದು ಅವಸರ. ಓಡಿಸಿದಳು. ತೆರೆಯ ಮೇಲೆ ಲಾಡ್ಜಿನ ಒಂದರಿಂದ ಐದನೆಯವರೆಗಿನ ಗುಂಡಿಗಳು ಮೇಲಿನಿಂದ ಕೂತವು. ತೆರೆಗೆ ಹಿಡಿಸುತ್ತಿದ್ದುದೇ ಐದು ಹೆಸರು, ಕೆಳಗೆ ಏನಿದೆಯೆಂದು ಅವಳು ನೋಡಲಿಲ್ಲ.

"ಆಯ್ತಾ?"

"ಆಯ್ತು."

"ಅಷ್ಟಕ್ಕೆ ಏನು ಮುಖ ಗಂಟು ಹಾಕ್ಕೊಂಡಿದ್ದೆ!" ಎಂದು ಅವನು ಸಿಪ್ಪೆಯನ್ನು ಅಲ್ಲೇ ಸುರಿದು ಹೋದ.

ಅವತ್ತು ಮನೆಯಲ್ಲಿ ಅವಳು ಈ ವಿಷಯ ಎತ್ತಲಿಲ್ಲ. ಲಾಡ್ಜಿನ ಗುಂಡಿಗಳು ಕೆರೆಯಂಥವು, ಮೂರು ದಿನ ಹಿಡಿದವು. ಗುರುವಾರ, ಶುಕ್ರವಾರ ಕಳೆದವು, ಹೊಸ ಅರ್ಜಿಯೂ ಬರಲಿಲ್ಲ. ಅತ್ತೆಯ ಗೇಣು ನಾಲ್ಕು ಬೆರಳಿಗೆ ಇಳಿದಿತ್ತು. ಶನಿವಾರ ಮಧ್ಯಾಹ್ನ ಅವಳು ಮನೆಗೆ ಬರುವಾಗ ದಾರಿಯ ಮರದ ಕೆಳಗೆ ಟ್ಯಾಂಕಿ ಲಾರಿ ನಿಂತಿತ್ತು. ಚಾಲಕ ಬನಿಯನ್ನಿನಲ್ಲಿ ಕೂತು, ಅಂಗಿಗೆ ಗುಂಡಿ ಹೊಲಿಯುತ್ತಿದ್ದ.

"ಏನಣ್ಣಾ, ಲಾರಿ ಕೆಟ್ಟಿದೆಯಾ?"

"ಲಾರಿ ಚೆನ್ನಾಗಿದೆ, ಅಕ್ಕಾ. ಕೆಲಸಾನೇ ಇಲ್ಲ. ಗುರುವಾರದಿಂದ ಬಾಕಿ ಯಾರೂ ಇಲ್ಲ ಅಂತ ತೋರಿಸ್ತಿದೆ." ಅವನು ನಗುತ್ತ ಫೋನು ಎತ್ತಿ ಹಿಡಿದ. "ಊರಲ್ಲಿ ಎಲ್ಲರಿಗೂ ಮಲಬದ್ಧತೆ ಆಗಿದೆಯೇನೋ ಅಂದ್ಕೊಂಡೆ."

ಅವಳು ನಗಲಿಲ್ಲ. ಅಲ್ಲಿಂದಲೇ ಕಚೇರಿಗೆ ಮರಳಿ, ಕಂಪ್ಯೂಟರು ಹಚ್ಚಿ, ತಾನು ಬರೆದ ಐದು ಸಾಲು ನೋಡಿದಳು. ಸಂಜೆಯ ತರಗತಿಯ ಮೂರನೆಯ ವಾರ ಕಲಿಸುವ ಪಾಠ ಅದು. ಹಲವನ್ನು ಒಟ್ಟಿಗೆ ಮುಂದೆ ಸೇರಿಸುವಾಗ ಮೊದಲು ಹೊಸ ಸಾಲಿನ ಕೊನೆಯದರ ಹಿಂದೆ ಹಳೆಯ ಸಾಲಿನ ಮೊದಲನೆಯದನ್ನು ಕಟ್ಟಬೇಕು. ಆಮೇಲೆ ಮಾತ್ರ ಹಳೆಯ ಹಗ್ಗ ಬಿಟ್ಟು ಹೊಸದು ಹಿಡಿಯಬೇಕು. ಅವಳು ಕಟ್ಟಿರಲಿಲ್ಲ. ಹಳೆಯದನ್ನು ಕೈಬಿಟ್ಟು ಹೊಸದನ್ನು ಹಿಡಿದುಬಿಟ್ಟಿದ್ದಳು. ಮೂವತ್ತೊಂದು ಮನೆಗಳು ಹಗ್ಗ ಬಿಟ್ಟ ದನಗಳಾಗಿದ್ದವು. ಯಾರೂ ಹಿಡಿದಿರದ್ದನ್ನು ಯಂತ್ರ ಕಸವೆಂದು ತಿಳಿದು ಗುಡಿಸಿಹಾಕುತ್ತದೆ, ಗುಡಿಸಿತ್ತು. ಸೋಮವಾರ ಸಂಜೆ ಕಡತವನ್ನು ಉಳಿಸುವಾಗ ಬರೀ ಏಳನ್ನು ಉಳಿಸಿತ್ತು.

ಕಾಗದದ ಅರ್ಜಿಗಳಿರಲಿಲ್ಲ. 'ಕಾಗದವಿಲ್ಲದ ಕಚೇರಿ' ಎಂಬ ಬೋರ್ಡು ಹಾಕಿಸಿದ ಮೇಲೆ ಮೇಲ್ವಿಚಾರಕ ಅವನ್ನೆಲ್ಲ ಸುಡಿಸಿದ್ದ. ನಕಲು ಇಡಲೆಂದು ಕೊಂಡಿದ್ದ ಪೆನ್‌ಡ್ರೈವಿನಲ್ಲಿ ಅವನ ಮಗಳ ಮದುವೆಯ ವಿಡಿಯೊ ತುಂಬಿತ್ತು. ಅವಳು ಅವನ ಮನೆಯವರೆಗೆ ಹೋಗಿ, ಬಾಗಿಲಲ್ಲೇ ನಿಂತು ಹೇಳಿದಳು.

"ಹೋದ್ರೆ ಹೋಗಲಿ ಬಿಡಮ್ಮಾ," ಎಂದ ಅವನು, ಕಾಲಿನ ಬೆರಳ ಸಂದಿ ಕೆರೆದುಕೊಳ್ಳುತ್ತ. "ತಡ್ಕೊಳ್ಳಕ್ಕಾಗದೋರು ಹೊಸ ಅರ್ಜಿ ಹಾಕ್ತಾರೆ. ಪಟ್ಟಿ ಚಿಕ್ಕದಾಯ್ತಲ್ಲ, ಒಳ್ಳೇದೇ ಆಯ್ತು. ಮೇಲಿನವರು ಕೇಳಿದ್ರೆ ಬಾಕಿ ಸೊನ್ನೆ ಅನ್ನಬಹುದು."

ಬೆರಳ ಸಂದಿಯಿಂದ ತೆಗೆದ ಕೈಯಲ್ಲೇ ಅವನು ಬಾಗಿಲು ಹಾಕಿಕೊಂಡ. ಅವಳು ರಸ್ತೆಯ ಪಕ್ಕ ಬಂದು ಉಗುಳಿದಳು. ಉಗುಳಿದ್ದು ಯಾರ ಮೇಲೆ ಎಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಐದು ಸಾಲು ಬರೆದವಳು ಅವನಲ್ಲವಲ್ಲ.

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಬೈಗುಳ ಕಾದು ಕೂತಳು. ಅತ್ತೆ ಬೈಯದೆ, "ನಾಲ್ಕು ವರ್ಷದಿಂದ ನನಗೆ ಸರದಿ ಸರದಿ ಅಂತ ಪಾಠ ಹೇಳಿದ್ದೆ. ಅವನು ಗದರಿದ ಕೂಡಲೇ ಏಳು ಹಾಕಿದೆ. ಅತ್ತೆಗಿಂತ ಅವನು ಹತ್ತಿರದವನಾ?" ಎಂದಳು.

ಸೊಸೆಗೆ ಬೈಗುಳವೇ ವಾಸಿಯಿತ್ತು ಅನಿಸಿತು.

"ಈಗೇನು ಮಾಡ್ತೀಯ?"

"ನಮಗಿಂತ ಮುಂಚೆ ಕುಂಬಾರರು ಅನ್ನೋದು ನಂಗೊತ್ತು. ಅವರಿಗಿಂತ ಮುಂಚೆ ಯಾರು ಅನ್ನೋದು ಅವರಿಗೆ ಗೊತ್ತಿರುತ್ತೆ. ಮನೆ ಮನೆಗೆ ಹೋಗಿ ಕೇಳ್ತೀನಿ."

ಭಾನುವಾರ ಬೆಳಿಗ್ಗೆ ಅವಳು ಒಂದು ಹಾಳೆ, ಪೆನ್ಸಿಲು ಹಿಡಿದು ಹೊರಟಳು. ನಾಲ್ಕು ವರ್ಷ ಈ ಹೆಸರುಗಳನ್ನು ಕಟ್ಟಿ ಬಿಚ್ಚಿದವಳು ಇವರ ಒಂದು ಹಿತ್ತಿಲನ್ನೂ ನೋಡಿದವಳಲ್ಲ. ಕುಂಬಾರರ ಮನೆಯ ಬಾಗಿಲಿಗೆ ಹೋಗುವ ಮೊದಲೇ ಮೂಗು ತಾನಾಗಿ ಮುಚ್ಚಿಕೊಂಡಿತು. ಅವರ ಗುಂಡಿ ಯಾವಾಗಲೋ ಉಕ್ಕಿ, ಅಡುಗೆಮನೆಯ ಹೊಸ್ತಿಲವರೆಗೆ ಹರಿದು, ಅಲ್ಲಿ ಬೂದಿಯ ಕಟ್ಟೆ ಹಾಕಿ ತಡೆದಿದ್ದರು. ಬೂದಿಯ ಮೇಲೆ ನೊಣಗಳ ಕಪ್ಪು ಚಾಪೆ. ಕುಂಬಾರನ ಹೆಂಡತಿ ಇಟ್ಟಿಗೆಗಳ ಮೇಲೆ ಹೆಜ್ಜೆ ಇಟ್ಟುಕೊಂಡು ಬಂದಳು.

"ಬನ್ನಿ ಅಕ್ಕಾ. ನೋಡ್ಕೊಂಡು ಕಾಲಿಡಿ. ನಮ್ಮ ಸರದಿ ಬಂತಾ?"

"ಬಂದಿಲ್ಲ. ನಿಮಗಿಂತ ಮುಂಚೆ ಯಾರು ಅಂತ ಹೇಳಿದ್ದೆ, ನೆನಪಿದೆಯಾ?"

"ಅದು ಹ್ಯಾಗೆ ಮರೆಯುತ್ತೆ! ಬೀಗ ರಿಪೇರಿಯವರ ಮನೆ. ದಿನಾ ಅವರ ಬಾಗಿಲಿಗೆ ಹೋಗಿ ನೋಡಿ ಬರ್ತೀನಿ, ಲಾರಿ ಬಂತಾ ಅಂತ. ನಮ್ಮ ಯಜಮಾನರು ಅವರಿಗೆ ಹಾಳಾಗಿ ಹೋಗಲಿ ಅಂತ ಶಾಪ ಬೇರೆ ಹಾಕ್ತಾರೆ."

ಪಟ್ಟಿಯಕ್ಕ ವಾಕರಿಕೆ ನುಂಗಿಕೊಂಡು ಹಾಳೆಯಲ್ಲಿ ಬರೆದಳು. ಬೀಗದವನಿಗೆ ಅಕ್ಕಸಾಲಿಗನ ಹೆಸರು ನೆನಪಿತ್ತು, ಅಕ್ಕಸಾಲಿಗನಿಗೆ ನಿವೃತ್ತ ಮೇಷ್ಟ್ರದ್ದು. ಮೇಷ್ಟ್ರು ಮನೆಯಲ್ಲಿ ಪಾಯಿಖಾನೆಗೆ ಹೋಗುವುದನ್ನೇ ಬಿಟ್ಟಿದ್ದರು. ಎಲ್ಲಿಗೆ ಹೋಗುತ್ತೀರಿ ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೀಗೆ ಹಿಮ್ಮುಖವಾಗಿ ಎಂಟು ಮನೆ ಹತ್ತಿ ಇಳಿದಾಗ, ಕೊನೆಯಲ್ಲಿ ಒಬ್ಬ ಮುದುಕಿ, "ನನಗಿಂತ ಮುಂಚಿನೋರದ್ದು ಆಯ್ತು, ಇನ್ನು ಯಾರೂ ಇಲ್ಲ, ನಾಳೆ ನಾಡಿದ್ದು ಬರುತ್ತೆ ಅಂದಿದ್ದೆಯಲ್ಲೇ, ತಾಯಿ" ಎಂದಳು. ಸಾಲಿನ ತಲೆ ಸಿಕ್ಕಿತ್ತು. ಮುದುಕಿಯ ಹಿತ್ತಿಲಲ್ಲಿ ಕೋಳಿಗಳು ಆ ಕೆಸರನ್ನೇ ಕೆದರಿ ತಿನ್ನುತ್ತಿದ್ದವು.

ತನ್ನ ಮನೆಯಾದ ಮೇಲಿನವರನ್ನು ಹುಡುಕುವುದು ಕಷ್ಟವಾಯಿತು. ಪಕ್ಕದ ದರ್ಜಿ ತಾನು ಪಟ್ಟಿಯಕ್ಕನ ಹಿಂದೆ ಎಂದು ಕರೆದು ಹೇಳಿದ. ದರ್ಜಿಯ ಹಿಂದೆ ಯಾರು? ದರ್ಜಿಗೆ ಗೊತ್ತಿಲ್ಲ. ತಮಗಿಂತ ಮುಂಚೆ ಇದ್ದವರನ್ನು ಊರಿಗೆ ಊರೇ ಕಂಠಪಾಠ ಮಾಡಿಕೊಂಡಿತ್ತು. ತಮ್ಮ ಹಿಂದೆ ಮೂಗು ಮುಚ್ಚಿಕೊಂಡು ಕಾಯುತ್ತಿರುವವರು ಯಾರೆಂದು ಒಬ್ಬರೂ ಕೇಳಿರಲಿಲ್ಲ.

ಆಗ ಅತ್ತೆಯೇ ಎದ್ದಳು. "ನೀನು ಬಾಗಿಲು ಬಾಗಿಲು ತಟ್ತಾ ಕೂತ್ಕೋ. ನಾನು ಹಿಟ್ಟಿನ ಗಿರಣಿ ಹತ್ತಿರ ಹೋಗ್ತೀನಿ" ಎಂದು ಹೊರಟಳು. ಗಿರಣಿಯ ಮುಂದೆ ಕಲ್ಲಿನ ಮೇಲೆ ಕೂತು, ಹೋಗಿ ಬರುವವರನ್ನೆಲ್ಲ, "ಏ, ನಿಮಗಿಂತ ಮುಂಚೆ ಯಾರ ಹೇಲು ಇತ್ತೋ?" ಎಂದು ಗಂಟಲೆತ್ತಿ ಕೇಳಿದಳು. ಜನ ನಕ್ಕರು, ಮುಖ ಸಿಂಡರಿಸಿದರು, ಆದರೆ ಹೇಳಿದರು. ಮರುದಿನದ ಮಧ್ಯಾಹ್ನದ ಹೊತ್ತಿಗೆ ಮೂವತ್ತು ಮನೆ ಸಿಕ್ಕಿದ್ದವು. ತನ್ನ ಕೆಲಸ ಅತ್ತೆಯ ಬಾಯಿಂದ ಆಯಿತೆಂದು ಸೊಸೆಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

ಉಳಿದದ್ದು ಒಬ್ಬನೇ, ಮೂಲೆಯ ಅಂಗಡಿಯವನು. ಅವನು ತಕ್ಕಡಿಯ ಹಿಂದೆ ಕೂತು, ಕೇಳುವ ಮೊದಲೇ, "ನನಗಿಂತ ಮುಂಚೆ ಕುಂಬಾರರ ಮನೆ" ಎಂದ.

"ಅಣ್ಣಾ, ಕುಂಬಾರರ ಹಿಂದೆ ನಾನು ಇದ್ದಿದ್ದು. ನೀವು ಬಂದಿದ್ದು ಮೊನ್ನೆ ಮೊನ್ನೆ. ಎಲ್ಲಾರಿಗಿಂತ ಕೊನೆಯೋರು ನೀವು."

"ಹಂಗಂತ ಎಲ್ಲಿ ಬರೆದಿದೆ?"

"ನಾನೇ ಕೈಯಾರೆ ಸೇರಿಸಿದ್ದು."

"ಕೈಯಾರೆ ಕಳೆದಿದ್ದೂ ನೀನೇ ಅಲ್ವಾ?" ಅವನು ಗಿರಾಕಿಗಳಿಗೆ ಕೇಳುವ ಹಾಗೆ ದನಿ ಎತ್ತಿದ. "ಪಟ್ಟಿ ಕಳೆಯೋದು, ಆಮೇಲೆ ತನ್ನ ಮನೆ ಎಲ್ಲಿ ಬೇಕೋ ಅಲ್ಲಿ ಬರ್ಕೊಳ್ಳೋದು. ಚೆನ್ನಾಗಿದೆ ಉಪಾಯ! ಊರಿಗೆಲ್ಲ ತಿಳೀಲಿ. ಕುಂಬಾರರ ಹಿಂದೆ ನಾನಿದ್ದೆ. ಇಲ್ಲ ಅನ್ನೋಕೆ ಸಾಕ್ಷಿ ಯಾರು?"

ಅಂಗಡಿಯ ಮುಂದಿದ್ದ ನಾಲ್ಕು ಜನ ಅವಳ ಮುಖ ನೋಡಿದರು. ಅವನ ತುಟಿಯ ಮೂಲೆಯಲ್ಲಿ ಬಿಳಿಯ ನೊರೆ ನಿಂತಿತ್ತು. ಕೊಚ್ಚೆಗೆ ಕಲ್ಲು ಹಾಕಿದರೆ ಮುಖಕ್ಕೇ ಸಿಡಿಯುತ್ತದೆ. ವಾದಿಸಿದಷ್ಟೂ ತನ್ನ ಮನೆಗಾಗಿ ವಾದಿಸಿದ ಹಾಗೆ ಕಾಣುತ್ತದೆ. ಮಿಕ್ಕ ಮೂವತ್ತು ಹೆಸರಿನ ಮೇಲೂ ಅನುಮಾನ ಹತ್ತುತ್ತದೆ. ಎರಡು ದಿನದ ಹೊಲಸು ವಾಸನೆ ಗಂಟಲಿಗೆ ಬಂದಿತ್ತು. ಅವನ ಎದುರು ಇನ್ನೊಂದು ಕ್ಷಣ ನಿಲ್ಲುವುದೂ ಬೇಡವೆನಿಸಿ, ಅವಳು ಕುಂಬಾರರ ಹೆಸರಿನ ಕೆಳಗೆ ಅಂಗಡಿಯವನನ್ನು ಬರೆದು, ಅದರ ಕೆಳಗೆ ತನ್ನ ಮನೆಯನ್ನು ಬರೆದಳು.

"ಸರಿ ಬಿಡಿ. ನೀವೇ ಮುಂಚೆ."

ಸಂಜೆಗೆ ಮುಂಚೆ ಕಚೇರಿಯಲ್ಲಿ ಕೂತು ಮೂವತ್ತೊಂದನ್ನೂ ಒಟ್ಟಿಗೆ ಸೇರಿಸಿದಳು. ಈ ಸಲ ಒಂದೊಂದು ಕೊಂಡಿಯನ್ನೂ ಎರಡೆರಡು ಸಲ ನೋಡಿದಳು. ಮೊದಲನೆಯದರಿಂದ ಕೊನೆಯದರವರೆಗೆ ನಡೆದು ಎಣಿಸುವ ಸಾಲೊಂದನ್ನು ಬರೆದಳು, ಎಣಿಕೆ ಸರಿಬಂತು. ಅತ್ತೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದಳು.

"ಬೆರಳು ಎರಡು ಉಳಿದಿದೆ," ಎಂದಳು ಅತ್ತೆ. "ಈಗ ನಮ್ಮದನ್ನ ಮೊದಲು ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ, ಅಲ್ವಾ?"

"ಗೊತ್ತಾಗಲ್ಲ."

"ಹಾಕಲ್ಲ, ಅಲ್ವಾ?"

"ಕುಂಬಾರರ ಅಡುಗೆಮನೆ ನೋಡಿ ಬಂದಿದೀನಿ, ಅತ್ತೆ."

ಅಂಗಡಿಯವನ ವಿಷಯವನ್ನು ಅತ್ತೆಗೆ ಹೇಳಲು ಸೊಸೆಗೆ ಬಾಯಿ ಬರಲಿಲ್ಲ. ಲೆಕ್ಕ ಮಾತ್ರ ಮನಸ್ಸಿನಲ್ಲಿ ಆಡುತ್ತಿತ್ತು: ಒಂಬತ್ತನೆಯ ಮನೆಯಾಗಿದ್ದರೆ ಮೂರನೆಯ ದಿನದ ಸಂಜೆ. ಹತ್ತನೆಯದಾದರೆ ನಾಲ್ಕನೆಯ ದಿನದ ಬೆಳಿಗ್ಗೆ.

ಮೂರನೆಯ ದಿನದ ಸಂಜೆ ಟ್ಯಾಂಕಿ ಅಂಗಡಿಯವನ ಹಿತ್ತಿಲಲ್ಲಿ ನಿಂತು ಗೊರಗೊರ ಎಳೆಯುವುದು ಅತ್ತೆ ಸೊಸೆಯರ ಜಗುಲಿಗೆ ಕೇಳುತ್ತಿತ್ತು. ಅವನ ಗುಂಡಿ ಅರ್ಧವೂ ತುಂಬಿರಲಿಲ್ಲವಂತೆ. ಮಾರನೆಯ ದಿನ ಬೆಳಕು ಹರಿಯುವಾಗ ಅತ್ತೆ ಹಿತ್ತಿಲಿಂದ ಕೂಗಿದಳು. ಸೊಸೆ ಓಡಿದಳು. ಚಪ್ಪಡಿಯ ಸಂದಿಯಿಂದ ಅದು ಸದ್ದಿಲ್ಲದೆ, ಆತುರವಿಲ್ಲದೆ ಬರುತ್ತಿತ್ತು, ಹಾಲು ಉಕ್ಕಿದ ಹಾಗೆ ಅಂಚಿನಲ್ಲಿ ಗುಳ್ಳೆ ಕಟ್ಟುತ್ತ. ಇಬ್ಬರೂ ಸೀರೆ ಎತ್ತಿ ಕಟ್ಟಿ, ಗುದ್ದಲಿಯಿಂದ ಮಣ್ಣೆಳೆದು ಬದು ಹಾಕಿದರು. ಬದು ನಿಲ್ಲಲಿಲ್ಲ. ಸೊಸೆ ಬರಿಗೈಯಲ್ಲೇ ಮಣ್ಣು ಒತ್ತಿದಳು. ಬೆಚ್ಚಗಿನದೊಂದು ಎಳೆ ಬೆರಳ ಸಂದಿಯಿಂದ ನುಸುಳಿ, ಇಳಿಜಾರು ಹಿಡಿದು, ಬಾವಿಯ ಕಟ್ಟೆ ಬಿರುಕು ಬಿಟ್ಟಿದ್ದ ಕಡೆಯಲ್ಲೇ ಒಳಗಿಳಿಯಿತು. ಅತ್ತೆ ಗುದ್ದಲಿ ಬಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಟ್ಯಾಂಕಿ ಒಂಬತ್ತು ಗಂಟೆಗೆ ಬಂತು. ಚಾಲಕ ನೋಡಿದ, ಪೈಪು ಇಳಿಸಿದ. ಗುಂಡಿ ಬರಿದಾಗುವ ಹೊತ್ತಿಗೆ ಅತ್ತೆ ಬಾವಿಯಿಂದ ಒಂದು ಕೊಡ ಸೇದಿ, ಮೂಸಿ, ಸೊಸೆಯ ಮುಂದೆ ಇಟ್ಟಳು.

"ನೀನು ನೋಡು. ನನಗೆ ಗೊತ್ತಾಗ್ತಿಲ್ಲ."

ಸೊಸೆ ಬಗ್ಗಿ ಮೂಸಿದಳು. ನಾರಿತು. ಆದರೆ ತನ್ನ ಕೈ ನಾರುತ್ತಿತ್ತು, ಸೆರಗು ನಾರುತ್ತಿತ್ತು, ವಾರದಿಂದ ಅನ್ನವೂ ನಾರುತ್ತಿತ್ತು. ನೀರು ನಾರುತ್ತಿದೆಯೋ ತನ್ನ ಮೂಗೋ ಹೇಳಲಾಗಲಿಲ್ಲ. ಅತ್ತೆ ಕೊಡವನ್ನು ಮೆಲ್ಲನೆ ವಾಲಿಸಿ ನೆಲಕ್ಕೆ ಚೆಲ್ಲಿದಳು.

"ಅಕ್ಕಾ, ಒಂದು ಚೊಂಬು ನೀರು ಕೊಡ್ತೀರಾ?" ಚಾಲಕ ಪೈಪು ಸುತ್ತುತ್ತ ಕೇಳಿದ.

ಅತ್ತೆ ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿದರು. ಸೊಸೆ ಚೊಂಬು ತೆಗೆದುಕೊಂಡು ದರ್ಜಿಯ ಮನೆಗೆ ಹೋದಳು. ದರ್ಜಿಯ ಹೆಂಡತಿ ಬಾಗಿಲಿಗೆ ಬಂದು, ಮೂಗಿಗೆ ಸೆರಗು ಒತ್ತಿ, "ಅಲ್ಲೇ ನಿಂತ್ಕೋ" ಎಂದಳು. ಚೊಂಬನ್ನು ಮೆಟ್ಟಿಲ ಮೇಲೆ ಇಡಿಸಿ, ಮುಟ್ಟದೆ, ಮೊಳದೆತ್ತರದಿಂದ ನೀರು ಸುರಿದಳು. ಅರ್ಧ ಹೊರಗೆ ಚೆಲ್ಲಿತು.

ಅವಳು ತಂದಾಗ ಚಾಲಕ ಆಗಲೇ ಕುಕ್ಕರಿಸಿ, ಬೊಗಸೆಯನ್ನು ಬಾಯಿಗೆ ಹಿಡಿದು ಕಾಯುತ್ತಿದ್ದ. ಅವಳು ಸುರಿದಳು. ಅವನು ಗಟಗಟ ಕುಡಿದು, ಮುಖ ಒರೆಸಿಕೊಂಡು, "ಬರ್ತೀನಕ್ಕಾ, ಪಕ್ಕದ ಮನೇದು ಇದೆ" ಎಂದು ಎದ್ದ. ಚೊಂಬು ಬರಿದಾದ ಮೇಲೆ ಅವಳು ತನ್ನ ಕೈ ನೋಡಿಕೊಂಡಳು. ಅದು ಅವನ ಬೊಗಸೆಗೆ ತಾಗದಂತೆ ಇನ್ನೂ ಮೊಳದೆತ್ತರದಲ್ಲೇ ನಿಂತಿತ್ತು.

ಥೂ ಎಂದುಕೊಂಡು, ಚೊಂಬು ತೊಳೆಯಲು ಬಾವಿಯ ಕಟ್ಟೆಗೆ ಹೋದಳು. ಹಗ್ಗ ಹಿಡಿದಳು. ಹಾಗೇ ಬಿಟ್ಟಳು.